ಉಸಿರು ಎಣಿಸಿ ಫೆಂಟನಿಲ್ ಕೊಡುವುದು

ಅರಿವಳಿಕೆ ಕಲಿಯುವಾಗ ತೂಕ ನೋಡಿ ಫೆಂಟನಿಲ್ ಅನ್ನುವ ಬಲವಾದ ನೋವು ನಿವಾರಕ ಕೊಡುತ್ತಿದ್ದೆ. ಕೆಜಿಗೆ ಇಷ್ಟು ಅಂತ ಲೆಕ್ಕ, ಮುಗೀತು. ಈಗ ರೋಗಿಯ ಉಸಿರು ಎಣಿಸಿ ಕೊಡುತ್ತೇನೆ.

ಸಣ್ಣ ಆಪರೇಷನ್‌ಗಳಲ್ಲಿ ಗಂಟಲಲ್ಲಿ ಕೂರುವ ಉಸಿರಿನ ಕೊಳವೆ, ಅಂದರೆ ಲಾರಿಂಜಿಯಲ್ ಮಾಸ್ಕ್ ಹಾಕಿ, ಸೆವೊಫ್ಲೂರೇನ್ ಅನ್ನುವ ಅರಿವಳಿಕೆ ಅನಿಲದ ಮೇಲೆ ರೋಗಿ ತಾನೇ ಉಸಿರಾಡಲು ಬಿಡುತ್ತೇನೆ. ಕತ್ತಿ ತಾಗಿದ ಮೇಲೆ ನೋವಿಗೆ ನಿಮಿಷಕ್ಕೆ 26 ಸಲ, ಪುಟ್ಟ ಪುಟ್ಟ ಉಸಿರು. 25 ಮೈಕ್ರೋಗ್ರಾಂ ಕೊಟ್ಟು ನಾಲ್ಕೈದು ನಿಮಿಷ ಸುಮ್ನೆ ಕಾಯುತ್ತೇನೆ. ಈ ಕಾಯುವುದೇ ಕಷ್ಟ, ಕೈ ಇನ್ನೊಂದು ಡೋಸಿಗೆ ತವಕಿಸುತ್ತಿರುತ್ತದೆ. ಅಷ್ಟರಲ್ಲಿ ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್‌ನಲ್ಲಿ ಒತ್ತೊತ್ತಾಗಿದ್ದ ಗುಡ್ಡಗಳು ದೂರ ದೂರ ಸರಿಯುತ್ತವೆ. ಉಸಿರು 14ಕ್ಕೆ ಇಳಿಯುತ್ತದೆ, ಆಳವೂ ಆಗುತ್ತದೆ. ಕಾರ್ಬನ್ ಡೈಆಕ್ಸೈಡ್ 40ರಿಂದ 50ರ ಹತ್ತಿರ ಹೋಗುತ್ತದೆ. ಗಟ್ಟಿಮುಟ್ಟಾದವರಲ್ಲಿ ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ತಲೆಯೊಳಗಿನ ಒತ್ತಡ ಜಾಸ್ತಿ ಇರುವವರಲ್ಲಾದರೆ ಈ ಆಟವೇ ಬೇಡ.

ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಮಿದುಳಿನ ಕಾಂಡ 'ಉಸಿರಾಡು' ಅಂತ ಒತ್ತಾಯ ಮಾಡಬೇಕು. ಫೆಂಟನಿಲ್, ಮಾರ್ಫಿನ್‌ನಂಥ ಓಪಿಯಾಯ್ಡ್‌ಗಳು ಆ ಒತ್ತಾಯವನ್ನೇ ಮಂಕು ಮಾಡುತ್ತವೆ.

ಇದು ನನಗೆ ಮನದಟ್ಟಾದದ್ದು ಒಬ್ಬ ರೋಗಿಯಿಂದ. ಆಪರೇಷನ್ ಮುಗಿಯುವ ಹೊತ್ತಿಗೆ, ಎದ್ದಾಗ ನೋವು ಇರದಿರಲಿ ಅಂತ ಧಾರಾಳವಾಗಿ ಮಾರ್ಫಿನ್ ಕೊಟ್ಟಿದ್ದೆ. ಹೊಲಿಗೆ ಹಾಕುವಾಗ ಉಸಿರು 12 ಇತ್ತು. ರಿಕವರಿಯಲ್ಲಿ ಆಕ್ಸಿಜನ್ ಮಾಸ್ಕ್, ರಕ್ತದ ಆಕ್ಸಿಜನ್ ಮಟ್ಟ ಹೇಳುವ ಸ್ಯಾಚುರೇಷನ್ 99, ಎಲ್ಲರೂ ನಿರಾಳ. ಯಾಕೋ ಎದೆ ಮೇಲೆ ಕೈ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿದೆ. ಐದೇ ಐದು. "ಉಸಿರು ತಗೊಳ್ಳಿ" ಅಂದರೆ ಕಣ್ಣು ಮುಚ್ಚಿಕೊಂಡೇ ವಿಧೇಯರಾಗಿ ಒಂದು ದೊಡ್ಡ ಉಸಿರು ಎಳೆದರು, ಆಮೇಲೆ ಮತ್ತೆ ಮರೆತೇಬಿಟ್ಟರು. ಓಪಿಯಾಯ್ಡ್‌ನ ಪರಿಣಾಮ ತೆಗೆಯುವ ನಲೋಕ್ಸೋನ್ 40 ಮೈಕ್ರೋಗ್ರಾಂನಂತೆ ಎರಡು ಸಲ ಕೊಟ್ಟ ಮೇಲೆ 11ಕ್ಕೆ ಬಂತು. ಒಮ್ಮೆಲೇ ಜಾಸ್ತಿ ಕೊಟ್ಟರೆ ನೋವೆಲ್ಲ ವಾಪಸ್ ಬಂದು ರೋಗಿ ಚೀರಾಡಿಬಿಡುತ್ತಾರೆ. ನಲೋಕ್ಸೋನ್ ಕೆಲಸ ಒಂದು ಗಂಟೆಯೊಳಗೆ ಇಳಿದುಹೋಗುತ್ತದೆ, ಮಾರ್ಫಿನ್ ಮಾತ್ರ ಗಂಟೆಗಟ್ಟಲೆ ಇರುತ್ತದೆ, ಹಾಗಾಗಿ ಪಕ್ಕದಲ್ಲೇ ಕೂತೆ.

ತಪ್ಪು ನನ್ನದೇ. ಮಾರ್ಫಿನ್ ಪೂರ್ತಿ ಕೆಲಸ ಶುರು ಮಾಡಲು ಕಾಲು ಗಂಟೆಯಾದರೂ ಬೇಕು. ಅಲ್ಲಿಯವರೆಗೆ ಅವರನ್ನು ಉಸಿರಾಡಿಸುತ್ತಿದ್ದದ್ದು ಸೂಜಿಯ ಚುಚ್ಚು. ಅದು ನಿಂತಿತು, ಔಷಧಿ ಏರಿತು. ಇನ್ನು ಆ 99? ಆಕ್ಸಿಜನ್ ಹಾಕಿದಾಗ ಉಸಿರು ಕಮ್ಮಿಯಾದರೂ ಆ ಅಂಕಿ ಬೇಗ ಬೀಳುವುದಿಲ್ಲ.

ಈಗ ಕೊನೆ ಹೊಲಿಗೆ ಆದ ಮೇಲೆ ಎರಡು ನಿಮಿಷ ಯಾರೂ ರೋಗಿಯನ್ನು ಮುಟ್ಟಬೇಡಿ ಅನ್ನುತ್ತೇನೆ. ಸರ್ಜನ್ ಗಡಿಯಾರ ನೋಡುತ್ತಾರೆ. ನಾನು ಎದೆ ನೋಡುತ್ತೇನೆ.