ಚಿಕ್ಕ ಆನ್‌ಲೈನ್ ಸರ್ಕಾರಿ ಶಾಲೆಯ ಅಂಕಿಅಂಶ ಓದುವ ಬಗೆ

ಅಮೆರಿಕದಲ್ಲಿ ಮಗುವನ್ನು ಆನ್‌ಲೈನ್ ಸರ್ಕಾರಿ ಶಾಲೆಗೆ ಸೇರಿಸುವ ಮುನ್ನ ಆಯಾ ರಾಜ್ಯದ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಶಾಲೆಯ ರಿಪೋರ್ಟ್ ಕಾರ್ಡ್ (ಇಡೀ ಶಾಲೆಯ ಫಲಿತಾಂಶಗಳ ವರದಿ) ತೆರೆಯಿರಿ. ಶೇಕಡಾವಾರು ನೋಡುವ ಮೊದಲು ಪರೀಕ್ಷೆ ಬರೆದವರ ಸಂಖ್ಯೆ ಗುರುತು ಹಾಕಿಕೊಳ್ಳಿ. 20 ಮಕ್ಕಳಷ್ಟೇ ಬರೆದಿದ್ದರೆ ಒಬ್ಬರ ಫಲಿತಾಂಶ ಬದಲಾದರೂ ಶೇ. 5ರಷ್ಟು ಏರುಪೇರು! ಹಾಗಾಗಿ ಮೂರು ವರ್ಷಗಳಲ್ಲಿ ಬರೆದವರನ್ನೂ ಪಾಸಾದವರನ್ನೂ ಬೇರೆಬೇರೆ ಕೂಡಿಸಿ ಲೆಕ್ಕ ಹಾಕಿ. ವರ್ಷವರ್ಷಕ್ಕೂ ಬರೆದವರ ಸಂಖ್ಯೆ ಬೇರೆಯಿರುವಾಗ ಬರೀ ಶೇಕಡಾವಾರುಗಳ ಸರಾಸರಿ ತೆಗೆದರೆ ಲೆಕ್ಕ ತಪ್ಪುತ್ತದೆ.

ಜನಾಂಗ, ಭಾಷೆ, ಅಂಗವೈಕಲ್ಯದ ಸಾಲುಗಳಲ್ಲಿ ನಕ್ಷತ್ರ ಚಿಹ್ನೆ ಕಂಡರೆ ಸೊನ್ನೆ ಎಂದಲ್ಲ. ಗುಂಪು ತೀರಾ ಚಿಕ್ಕದಾದ್ದರಿಂದ ಮಕ್ಕಳ ಗುರುತು ಸಿಗದಿರಲೆಂದು ಮುಚ್ಚಿಟ್ಟಿರುತ್ತಾರೆ. ಬಡತನ ಅಂದಾಜಿಸಲು ಬಳಸುವ, ಉಚಿತ ಊಟಕ್ಕೆ ಅರ್ಹರಾದ ಮಕ್ಕಳ ಅಂಕಣ ಇಲ್ಲಿ ಕೈಕೊಡಬಹುದು: ಊಟವನ್ನೇ ಬಡಿಸದ ಶಾಲೆಗೆ ಅರ್ಜಿ ತುಂಬುವವರು ಯಾರು?

ಪರೀಕ್ಷೆಗೆ ಹಾಜರಾದವರ ಪ್ರಮಾಣವನ್ನೂ ನೋಡಿ. ಫೆಡರಲ್ ಕಾನೂನು ಕೇಳುವುದು ಶೇ. 95. ಮನೆಯಿಂದ ದೂರದ ಕೇಂದ್ರಕ್ಕೆ ಹೋಗಿ ಬರೆಯಬೇಕಾದ ಕಡೆ ಈ ಪ್ರಮಾಣ ಕುಸಿಯಬಹುದು; ಆಗ ಸಿಗುವ ಫಲಿತಾಂಶ ಇಡೀ ಶಾಲೆಯದ್ದಲ್ಲ.

ನಾಲ್ಕು ವರ್ಷದಲ್ಲಿ ಹೈಸ್ಕೂಲ್ ಮುಗಿಸಿದವರು ಕಡಿಮೆಯಿದ್ದರೆ, ಕ್ರೆಡಿಟ್ (ಪಾಸಾದ ಪ್ರತಿ ವಿಷಯಕ್ಕೆ ಸಿಗುವ ಗಣನೆ) ಬಾಕಿ ಇಟ್ಟುಕೊಂಡು ನಡುವೆ ಸೇರಿದವರೆಷ್ಟು ಎಂದು ಶಾಲೆಯನ್ನೇ ಕೇಳಿ. ಐದು ವರ್ಷದಲ್ಲಿ ಮುಗಿಸಿದವರ ಪ್ರಮಾಣ ಪ್ರಕಟವಾಗಿದ್ದರೆ ಅದನ್ನೂ ಪಕ್ಕದಲ್ಲಿಟ್ಟು ನೋಡಿ.