ಕೂಸಿನ ಅಂಗಿಯ ಒಳಬದಿ

ಯಾರಾದರೂ ಕೂಸಿನ ಅಂಗಿ ಹೊಲಿದು ತಂದು ತೋರಿಸಿದರೆ ನಾನು ಮೊದಲು ಅದನ್ನು ತಿರುಗಿಸಿ ಒಳಬದಿ ನೋಡುತ್ತೇನೆ. ಇದು ನನ್ನ ಆಯಿಯಿಂದ ಬಂದ ರೂಢಿ. ಶಿರಸಿ ಹತ್ತಿರದ ನಮ್ಮ ಊರಲ್ಲಿ ಯಾರ ಮನೆಯಲ್ಲಿ ಬಾಣಂತನ ಇದ್ದರೂ ಜಬಲಾ, ಟೊಪ್ಪಿ, ಕುಂಚಿಗೆ ಅವಳೇ ಹೊಲಿದು ಕೊಡುತ್ತಿದ್ದಳು. ನಾನು ಕಸೂತಿ ಹಾಕಿ ಮುಂದೆ ಹಿಡಿದರೆ, "ಹೂವು ಇರ್ಲಿ, ಒಳಬದಿ ತೋರ್ಸು ತಂಗಿ" ಎನ್ನುತ್ತಿದ್ದಳು. ದೊಡ್ಡವರ ಬಟ್ಟೆಯ ಒಳಗೆ ಗಂಟು, ದಾರ ಏನಿದ್ದರೂ ನಡೆಯುತ್ತದೆ. ಕೂಸಿನ ಮೈಗೆ ತಾಗುವುದೇ ಒಳಬದಿ. ಚುಚ್ಚಿದರೆ ಹೇಳಲು ಬರುವುದಿಲ್ಲ, ಅಳುತ್ತದೆ ಅಷ್ಟೇ. ನಾವು ಹೊಟ್ಟೆನೋವು ಇರಬೇಕು ಎಂದುಕೊಳ್ಳುತ್ತೇವೆ.

ಚುಚ್ಚುವುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಒಳಗೆ ಸಡಿಲವಾಗಿ ಉಳಿದ ದಾರ ಕೂಸಿನ ಬೆರಳಿಗೆ ಸುತ್ತಿಕೊಳ್ಳಬಹುದು. ಕೈಕಾಲು ಆಡಿಸಿದಷ್ಟೂ ಅದು ಬಿಗಿಯುತ್ತದೆ, ರಕ್ತ ಓಡುವುದು ನಿಲ್ಲುತ್ತದೆ. ಬೆರಳು ಊದಿ ಕೆಂಪಗಾದ ಮೇಲೇ ನಮ್ಮ ಕಣ್ಣಿಗೆ ಬೀಳುವುದು. ಮಕ್ಕಳ ಡಾಕ್ಟರಿಗೆ ಇದು ಹೊಸದಲ್ಲ. ಕೈಗವಸು, ಕಾಲುಚೀಲ, ತೋಳಿನ ತುದಿ, ಈ ಮೂರು ಕಡೆ ಒಳಗೆ ಒಂದು ಎಳೆಯೂ ಬಿಡುವಂತಿಲ್ಲ.

ಹೊನ್ನಾವರ ಕಡೆಯ ಒಂದು ಕ್ರಿಶ್ಚಿಯನ್ ಮನೆಯ ಜ್ಞಾನಸ್ನಾನದ ಅಂಗಿ ಒಮ್ಮೆ ನನ್ನ ಕೈಗೆ ಬಂತು. ಅಜ್ಜಿಗೆ ಹಾಕಿದ್ದ ಅಂಗಿ, ಈಗ ಮೊಮ್ಮಗಳ ಮಗುವಿಗೆ ಬೇಕಾಗಿತ್ತು. ಲೇಸು ಹರಿದಿದೆ, ಸರಿ ಮಾಡಿಕೊಡಿ ಎಂದು ತಂದಿದ್ದರು. ಮಗುವಿನ ಕಾಲು ದಾಟಿ ಉದ್ದಕ್ಕೆ ಇಳಿಯುವ ಬಿಳಿ ಅಂಗಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬದಿಯ ಹೊಲಿಗೆ ಭತ್ತದ ಹುಲ್ಲಿನಷ್ಟೇ ಸಪೂರ. ಕತ್ತರಿಸಿದ ಅಂಚು ಎಲ್ಲೂ ಕಾಣುವುದಿಲ್ಲ, ಹೊಲಿಗೆಯ ಒಳಗೇ ಮಡಚಿ ಮುಚ್ಚಿದ್ದರು. ಎದೆಯ ಮೇಲೆ ಬಿಳಿ ನೂಲಿನ ಎಲೆಬಳ್ಳಿ. ಹಿಂದೆ ತಿರುಗಿಸಿದರೂ ಹೆಚ್ಚುಕಡಿಮೆ ಅಷ್ಟೇ ಚೊಕ್ಕ. ಯಾರು ಹೊಲಿದರೋ ಏನೋ, ಅವರ ಕೈಗೆ ದೊಡ್ಡ ನಮಸ್ಕಾರ.

ಆ ಅಂಗಿ ಹಾಳಾಗಿದ್ದು ಎರಡೇ ಕಡೆ. ಬೆನ್ನಿಗೆ ಆಮೇಲೆ ಯಾರೋ ಕಬ್ಬಿಣದ ಟಿಚ್ ಬಟನ್ ಹಚ್ಚಿದ್ದರು. ಸಮುದ್ರದ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಸುತ್ತಲಿನ ಬಟ್ಟೆಯನ್ನೇ ತಿಂದಿತ್ತು. ಇನ್ನೊಂದು ಕಡೆ, ಲೇಸನ್ನು ನೈಲಾನ್ ದಾರದಲ್ಲಿ ಹೊಲಿದಿದ್ದರು. ದಾರ ಹೊಸದರ ಹಾಗೇ ಇತ್ತು, ಅದರ ಪಕ್ಕದ ಬಟ್ಟೆ ಮಾತ್ರ ಕತ್ತರಿಸಿ ಹೋಗಿತ್ತು. ತಲೆಮಾರು ಉಳಿಯಬೇಕಾದ ಬಟ್ಟೆಗೆ ದಾರ ಬಟ್ಟೆಗಿಂತ ಗಟ್ಟಿ ಇರಬಾರದು. ದಾರ ಹರಿದರೆ ಮತ್ತೆ ಹೊಲಿಯಬಹುದು. ಬಟ್ಟೆ ಹರಿದರೆ ಏನು ಮಾಡುವುದು? ಅದಕ್ಕೇ ನಾನು ಹತ್ತಿ ಬಟ್ಟೆಗೆ ಹತ್ತಿ ದಾರವನ್ನೇ ಹಾಕುತ್ತೇನೆ. ಕಬ್ಬಿಣದ್ದು ಏನನ್ನೂ ಹಚ್ಚುವುದಿಲ್ಲ. ಬಟನ್ ಬದಲು ಅದೇ ಬಟ್ಟೆಯ ಲಾಡಿ. ಅದೂ ನಾಲ್ಕೈದು ಇಂಚಿಗಿಂತ ಉದ್ದ ಬೇಡ, ಕುತ್ತಿಗೆ ಹತ್ತಿರವಂತೂ ಬೇಡವೇ ಬೇಡ. ಪಕ್ಕೆಯಲ್ಲಿ ಕಟ್ಟುವ ಹಾಗೆ ಇಡುತ್ತೇನೆ.

ಬಟ್ಟೆ ಶಿರಸಿಯ ಸಿ.ಪಿ. ಬಜಾರಿನಲ್ಲೇ ಸಿಗುತ್ತದೆ. ಒಳ್ಳೆಯ ಮಲ್ ಬಟ್ಟೆ (ತೆಳುವಾದ ಮೆದು ಹತ್ತಿ ಬಟ್ಟೆ), ಇಲ್ಲವೇ ಅದಕ್ಕಿಂತ ಸ್ವಲ್ಪ ಒತ್ತಾಗಿ ನೇಯ್ದ ಕೇಂಬ್ರಿಕ್. ಮುಷ್ಟಿಯಲ್ಲಿ ಹಿಂಡಿ ಬಿಟ್ಟು ನೋಡಿ, ಕೈಗೆ ಬಿಳಿ ಪುಡಿ ಹತ್ತಿದರೆ ಅದು ಬರೀ ಗಂಜಿ. ತೊಳೆದ ಮೇಲೆ ಜಾಳುಜಾಳಾಗುತ್ತದೆ. ಮುಕ್ಕಾಲು ಮೀಟರಿನಲ್ಲಿ ಒಂದು ಜಬಲಾ, ಒಂದು ಟೊಪ್ಪಿ ಆರಾಮಾಗಿ ಆಗುತ್ತದೆ. ತಂದ ತಕ್ಷಣ ಕತ್ತರಿ ಹಾಕುವುದಿಲ್ಲ. ರಾತ್ರಿ ನೀರಲ್ಲಿ ನೆನೆಸಿ, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಮತ್ತೊಮ್ಮೆ ತೊಳೆಯುತ್ತೇನೆ. ಹತ್ತಿ ಬಟ್ಟೆ ಕುಗ್ಗುವುದಿದ್ದರೆ ಮೊದಲೇ ಕುಗ್ಗಿಬಿಡಲಿ. ಇಲ್ಲದಿದ್ದರೆ ಕಸೂತಿ ಹಾಕಿದ ಮೇಲೆ ಬಟ್ಟೆ ಕುಗ್ಗಿ ಹೂವೆಲ್ಲ ಸುಕ್ಕಾಗುತ್ತದೆ.

ನಾಮಕರಣಕ್ಕೆ ಮುಂಚಿನ ಅಂಗಿಗೆ ಹೊಸ ಬಟ್ಟೆಯೇ ಬೇಡ. ಅಜ್ಜನ ಪಂಚೆ, ಅಜ್ಜಿಯ ಹತ್ತಿ ಸೀರೆಯ ಸೆರಗು, ಇವುಗಳ ಮೆದುವು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ? ಹಿರಿಯರ ಬಟ್ಟೆ ಕೂಸಿಗೆ ಒಳ್ಳೆಯದು ಎನ್ನುವ ನಂಬಿಕೆ ಬೇರೆ ಇದೆ. ನಮ್ಮ ಜಿಲ್ಲೆಯದೇ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆಯ ತುಂಡು ಸೇರಿಸಿ ಕೂಸಿಗೆಂದೇ ಸಣ್ಣ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತು ಬರುತ್ತಾ ನಡುವಿಗೆ ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂವು ಇಡದೆ ಕೌದಿ ಪೂರ್ತಿಯಾಯಿತು ಎನ್ನುವುದಿಲ್ಲ. ಅವರ ಕೆಲಸ ನೋಡಿದಾಗೆಲ್ಲ ನನಗೆ ಹೊಸ ಬಟ್ಟೆಯ ಆಸೆ ಕಡಿಮೆಯಾಗುತ್ತದೆ.

ಇನ್ನು ಅಳತೆ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ 34-35 ಸೆಂಟಿಮೀಟರ್ ಇರುತ್ತದೆ, ಎದೆಯದು ಅದಕ್ಕಿಂತ ಸ್ವಲ್ಪ ಕಡಿಮೆ. ದೊಡ್ಡವರ ಲೆಕ್ಕಕ್ಕೆ ಇದು ತಿರುಗಾಮುರುಗಾ. ಹಾಗಾಗಿ ತಲೆಯ ಮೇಲಿಂದ ಹಾಕುವ ಅಂಗಿ ಹೊಲಿದರೆ ಕೂಸಿಗೂ ಕಷ್ಟ, ಎಣ್ಣೆ ನೀರು ಹಾಕುವವರಿಗೂ ಕಷ್ಟ. ಮುಂದೆ ಒಂದರ ಮೇಲೊಂದು ಬರುವ ಹಾಗೆ ಪೂರ್ತಿ ಬಿಚ್ಚಿಕೊಳ್ಳುವ ಜಬಲಾ ಒಳ್ಳೆಯದು. ಹೊಲಿದ ಮೇಲೆ ಎದೆ ಸುತ್ತ 18 ಇಂಚು, ಉದ್ದ 12 ಇಂಚು ಬಂದರೆ ಮೊದಲ ಕೆಲವು ತಿಂಗಳು ಧಾರಾಳ. ತೋಳನ್ನು ಬೇರೆ ಕತ್ತರಿಸಿ ಜೋಡಿಸುವುದಿಲ್ಲ, ಮೈಯ ಜೊತೆಗೇ ಕತ್ತರಿಸುತ್ತೇನೆ. ಕಂಕುಳಲ್ಲಿ ಒಂದು ಹೊಲಿಗೆ ಕಡಿಮೆಯಾದರೆ ಅಷ್ಟು ಕಡೆ ಕೆಂಪಾಗುವುದು ತಪ್ಪುತ್ತದೆ.

ಹೊಲಿಗೆಗೆ ಓವರ್‌ಲಾಕ್ ಮಾಡಿಸುವವರು ಜಾಸ್ತಿ. ಬೇಗ ಆಗುತ್ತದೆ ನಿಜ. ಆದರೆ ಆ ದಪ್ಪ ದಾರದ ಸಾಲು ಕೂಸಿನ ಪಕ್ಕೆಗೆ ಒತ್ತುತ್ತದೆ. ನಾನು ಮಾಡುವುದು ಫ್ರೆಂಚ್ ಹೊಲಿಗೆ. ಬಟ್ಟೆಯ ಒಳಬದಿಗಳು ಒಂದಕ್ಕೊಂದು ತಾಗುವ ಹಾಗೆ ಇಟ್ಟು, ಅಂದರೆ ಚಂದದ ಬದಿ ಹೊರಗೆ ಇರುವ ಹಾಗೇ, ಅಂಚಿಗೆ ಹತ್ತಿರ ಮೊದಲು ಹೊಲಿಯಬೇಕು. ಹೊರಗೆ ಉಳಿದ ಅಂಚನ್ನು 3 ಮಿಲಿಮೀಟರಿಗೆ ಕತ್ತರಿಸಬೇಕು. ಆಮೇಲೆ ತಿರುಗಿಸಿ, ಉಗುರಿನಿಂದ ಒತ್ತಿ, ಇಸ್ತ್ರಿ ಹಾಕಿ, ಮತ್ತೊಂದು ಹೊಲಿಗೆ. ಕಚ್ಚಾ ಅಂಚು ಎರಡು ಹೊಲಿಗೆಯ ನಡುವೆ ಸಿಕ್ಕಿಬೀಳುತ್ತದೆ, ದಾರ ಬಿಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ. ಮಷಿನ್‌ಗೆ 9 ನಂಬರಿನ ಸೂಜಿ ಹಾಕಿ. ಮಾಮೂಲಿ ಸೂಜಿಯಲ್ಲಿ ಮಲ್ ಬಟ್ಟೆ ಹೊಲಿದರೆ ಸಾಲು ತೂತು ಕಾಣುತ್ತದೆ.

ಈಗ ಕಸೂತಿ. ನನ್ನ ಮನಸ್ಸು ಜಾಸ್ತಿ ಓಡುವುದು ಇದರ ಕಡೆಗೇ.

ಧಾರವಾಡದ ಕಸೂತಿಯಲ್ಲಿ ನಾಲ್ಕು ಹೊಲಿಗೆ ಇದೆ: ಗವಂತಿ (ಗೆರೆ ಹೊಲಿಗೆ), ಮುರಗಿ (ಮೆಟ್ಟಿಲಿನ ಹಾಗೆ ಅಂಕುಡೊಂಕು), ನೇಗಿ (ನೇಯ್ದ ಹಾಗೆ ಕಾಣುವುದು), ಮೆಂತೆ (ಕತ್ತರಿ ಆಕಾರದ ಹೊಲಿಗೆ). ಇಳಕಲ್ ಸೀರೆಯ ಮೇಲೆ ನಾಲ್ಕೂ ಚಂದ. ಕೂಸಿನ ಅಂಗಿಗೆ ನಾನು ಹಾಕುವುದು ಗವಂತಿ ಮತ್ತು ಮುರಗಿ ಮಾತ್ರ. ಎರಡರಲ್ಲೂ ಹಿಂದೆ ಮುಂದೆ ಒಂದೇ ತರ ಕಾಣುತ್ತದೆ, ಗಂಟು ಹಾಕುವಂತೆಯೇ ಇಲ್ಲ. ನೇಗಿಯಲ್ಲಿ ಹಿಂದೆ ಉದ್ದುದ್ದ ದಾರ ತೇಲುತ್ತದೆ. ಬೆರಳಿಗೆ ಸಿಕ್ಕುವ ದಾರ ಎಂದೆನಲ್ಲ, ಅದೇ ಇದು. ಮೆಂತೆಗೆ ದಾರ ಜಾಸ್ತಿ ಬೇಕು, ಮಲ್ ಬಟ್ಟೆ ಭಾರವಾಗಿ ಜೋಲುತ್ತದೆ.

ಎಳೆ ಎಣಿಸಿ ಹಾಕುವ ಕೆಲಸ ಇದು. ಮಲ್ ಬಟ್ಟೆಯ ಎಳೆ ಎಣಿಸಿದರೆ ಕಣ್ಣು ಹೋಗುತ್ತದೆ. ಅದಕ್ಕೆ ಜಾಳಾದ ಕ್ಯಾನ್ವಾಸ್ ಬಟ್ಟೆಯ ತುಂಡನ್ನು ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತೇನೆ. ಅದರ ಮನೆ (ಎಳೆಗಳ ನಡುವಿನ ಚೌಕ) ಎಣಿಸಿಕೊಂಡು ಎರಡೂ ಬಟ್ಟೆ ಸೇರಿಸಿ ಸೂಜಿ ಹೋಗುತ್ತದೆ. ಆ್ಯಂಕರ್ ಕಂಪನಿಯ ಕಸೂತಿ ನೂಲಿನ ಲಡಿಯಲ್ಲಿ ಆರು ಎಳೆ ಇರುತ್ತದೆ, ನನಗೆ ಒಂದೇ ಎಳೆ ಸಾಕು. ಒಂದು ಮೊಳಕ್ಕಿಂತ ಉದ್ದ ಕತ್ತರಿಸುವುದಿಲ್ಲ. ಉದ್ದ ಇದ್ದರೆ ಬಟ್ಟೆಯೊಳಗೆ ಹೋಗಿ ಬಂದು ನೂಲಿನ ಮೈ ಜುಂಗಾಗುತ್ತದೆ, ಹೊಳಪು ಹೋಗುತ್ತದೆ.

ಗವಂತಿಯನ್ನು ಹೋಗುವಾಗ ಅರ್ಧ, ಬರುವಾಗ ಅರ್ಧ ಹಾಕಬೇಕು. ಹೋಗುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ. ಬರುವಾಗ ಖಾಲಿ ಬಿಟ್ಟ ಮನೆಗಳನ್ನು ತುಂಬುತ್ತಾ ಬರಬೇಕು. ಸೂಜಿ ಹಳೇ ತೂತಿನಲ್ಲೇ ಏಳಬೇಕು, ಹಳೇ ತೂತಿನಲ್ಲೇ ಇಳಿಯಬೇಕು. ಅಲ್ಲೊಂದು ಸೂಕ್ಷ್ಮ ಇದೆ. ಮೊದಲಿನ ಹೊಲಿಗೆಯ ಮೇಲ್ಬದಿಯಿಂದ ಎದ್ದರೆ ಕೆಳಬದಿಗೆ ಇಳಿಯಬೇಕು, ಸಾಲು ಮುಗಿಯುವ ತನಕ ಹಾಗೇ. ಹೀಗೆ ಮಾಡಿದರೆ ಗೆರೆ ನೇರ ಬರುತ್ತದೆ. ಮನಸ್ಸಿಗೆ ಬಂದ ಹಾಗೆ ಎದ್ದು ಇಳಿದರೆ ಗೆರೆ ಕುಣಿಯುತ್ತದೆ. ಬಳ್ಳಿಗೆ ಕವಲು ಇದ್ದರೆ ಕವಲಿನ ತುದಿಗೆ ಹೋಗಿ, ತುಂಬಿಕೊಂಡು ಬಂದು, ಆಮೇಲೆ ಮುಂದೆ ಹೋಗಬೇಕು. ಹೊರಟಲ್ಲಿಗೇ ವಾಪಸ್ ಬರುವ ದಾರಿಯನ್ನು ಮೊದಲು ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ನಡೆದು ನೋಡುತ್ತೇನೆ. ಶುರುವಿನಲ್ಲಿ ಎರಡಿಂಚು ನೂಲು ಹಾಗೇ ಬಿಟ್ಟಿರುತ್ತೇನೆ. ಎಲ್ಲ ಮುಗಿದ ಮೇಲೆ ಅದನ್ನೂ ಕೊನೆಯ ತುದಿಯನ್ನೂ ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಕತ್ತರಿಸಿದರೆ ಆಯಿತು.

ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಸ್ವಲ್ಪ ನೀರು ಚಿಮುಕಿಸಿಕೊಂಡರೆ ಅದರ ಗಂಜಿ ಬಿಡುತ್ತದೆ, ಎಳೆ ಸಲೀಸಾಗಿ ಜಾರುತ್ತದೆ. ಗಡಿಬಿಡಿ ಇಲ್ಲದ ಮಧ್ಯಾಹ್ನ ಇದಕ್ಕೆ ಬೇಕು. ಅಡ್ಡ ಎಳೆ ಎಲ್ಲ ಹೋಗಿ, ಉದ್ದ ಎಳೆ ಎಲ್ಲ ಹೋಗಿ, ತೆಳು ಬಟ್ಟೆಯ ಮೇಲೆ ಬಳ್ಳಿ ಮಾತ್ರ ಉಳಿದಾಗ ಆಗುವ ಖುಷಿಯೇ ಬೇರೆ.

ಯಾವ ಚಿತ್ರ ಹಾಕಬೇಕು ಎಂದು ತುಂಬಾ ಜನ ಕೇಳುತ್ತಾರೆ. ಪ್ಯಾಟರ್ನ್ ಪುಸ್ತಕದ ಗುಲಾಬಿ, ಕರಡಿಮರಿ ಯಾಕೆ ಬೇಕು? ಗವಂತಿಗೆ ಗೋಪುರ, ತೊಟ್ಟಿಲು, ತುಳಸಿಕಟ್ಟೆ ಮೊದಲಿಂದಲೂ ಇವೆ. ನಮ್ಮ ಕಡೆ ದೀವರ ಸಮುದಾಯದ ಮನೆಗಳ ಹಸೆಗೋಡೆಯ ಮೇಲೆ ಬರೆಯುವ ಚಿತ್ತಾರದ ಗೆರೆಗಳಂತೂ ಗವಂತಿಗೆಂದೇ ಹುಟ್ಟಿದ ಹಾಗಿವೆ, ಎಲ್ಲ ನೇರ ಗೆರೆ, ಓರೆ ಗೆರೆ. ಕೆಮ್ಮಣ್ಣಿನ ಬಣ್ಣದ ನೂಲಿನಲ್ಲಿ ಜಬಲಾದ ಕೆಳ ಅಂಚಿಗೆ ಒಂದು ಸಾಲು ಹಾಕಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಟೊಪ್ಪಿಗೆ ನಾನು ರಂಜಲು (ಬಕುಳ) ಹೂವು ಹಾಕುತ್ತೇನೆ. ಅದಕ್ಕೆ ಎಣಿಕೆ ಬೇಡ, ಸಣ್ಣ ಸುತ್ತಿನಿಂದ ಚೂಪು ಎಸಳುಗಳನ್ನು ನೇರ ಹೊಲಿಗೆಯಲ್ಲಿ ಹೊರಗೆ ಎಳೆದರೆ ಮುಗಿಯಿತು. ಹೂವಿನಿಂದ ಹೂವಿಗೆ ಹಿಂದೆ ದಾರ ಹಾಯಿಸಬೇಡಿ, ಒಂದೊಂದು ಹೂವಿಗೂ ಬೇರೆ ದಾರ. ತಡವಾಗುತ್ತದೆ, ಆಗಲಿ.

ಕೆಂಪು, ಕಡುನೀಲಿ ನೂಲಿದ್ದರೆ ಮೊದಲೇ ಒದ್ದೆ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ನೂಲು ಬೇಡ. ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಎನ್ನುತ್ತಾರೆ, ನಾನು ನಂಬುವುದಿಲ್ಲ. ನೀರಿಗೆ ಅಳಿಯುವ ನೀಲಿ ಪೆನ್ನಿನಲ್ಲಿ ಗುರುತು ಮಾಡಿದ್ದರೆ ತಣ್ಣೀರಲ್ಲಿ ಪೂರ್ತಿ ತೊಳೆದ ಮೇಲೇ ಇಸ್ತ್ರಿ ಮುಟ್ಟಬೇಕು. ಬಿಸಿ ತಾಗಿದರೆ ಆ ಗುರುತು ಅಲ್ಲೇ ಕೂತುಬಿಡಬಹುದು.

ಫ್ರಾಕು ಆದರೆ ಕೆಳ ಅಂಚಿನ ಮೇಲೆ ಅರ್ಧ ಇಂಚಿನ ಎರಡು ಮಡಿಕೆ ಹಿಡಿಯುತ್ತೇನೆ. ಹಿಂದೆ ಲಂಗಕ್ಕೆ ಹಿಡಿದು, ಮಗಳು ಉದ್ದವಾದ ಹಾಗೆ ಬಿಚ್ಚುತ್ತಿದ್ದರಲ್ಲ, ಅದೇ. ಒಂದು ಮಡಿಕೆ ಬಿಚ್ಚಿದರೆ ಒಂದು ಇಂಚು ಉದ್ದ ಸಿಗುತ್ತದೆ. ಇದನ್ನು ಕೈಯಲ್ಲೇ ಹೊಲಿಯಿರಿ, ಬಿಚ್ಚುವಾಗ ಬಟ್ಟೆಗೆ ಗಾಯ ಆಗುವುದಿಲ್ಲ. ಸ್ಮಾಕಿಂಗ್, ಅಂದರೆ ಬಟ್ಟೆಯನ್ನು ಸಣ್ಣ ನೆರಿಗೆ ಹಿಡಿದು ಅದರ ಮೇಲೆ ಕಸೂತಿ ಹಾಕುವುದು, ಮಾಡಿದರೆ ಬಟ್ಟೆ ಮೂರು ಪಟ್ಟು ಬೇಕು, ಆದರೆ ಇಲಾಸ್ಟಿಕ್ ಇಲ್ಲದೆಯೂ ಎದೆ ಹಿಗ್ಗುತ್ತದೆ. ಅದರ ವಿವರ ಬರೆಯಲು ಹೋದರೆ ಇದು ಮುಗಿಯುವುದಿಲ್ಲ.

ಎತ್ತಿಡುವುದು ನಮ್ಮ ಜಿಲ್ಲೆಯಲ್ಲಿ ಹೊಲಿಯುವುದಕ್ಕಿಂತ ಕಷ್ಟ. ಜೂನ್ ಬಂತೆಂದರೆ ಕಪಾಟಿನೊಳಗೂ ಥಂಡಿ. ಕಾರವಾರ, ಕುಮಟೆಯಲ್ಲಿ ಉಪ್ಪುಗಾಳಿ, ಘಟ್ಟದ ಮೇಲೆ ನಮ್ಮಲ್ಲಿ ಬೂಷ್ಟು. ಒಮ್ಮೆ ಕರಿಚುಕ್ಕೆ ಬಿದ್ದರೆ ಹೋಗುವುದು ಕಷ್ಟ. ನಾನು ಮೇ ತಿಂಗಳ ಬಿಸಿಲಲ್ಲೇ ಈ ಕೆಲಸ ಮುಗಿಸುತ್ತೇನೆ. ಶುಭ್ರವಾಗಿ ಕಂಡರೂ ಮತ್ತೊಮ್ಮೆ ತೊಳೆಯಬೇಕು, ಕಾಣದ ಹಾಲಿನ ಕಲೆ ಒಂದೆರಡು ವರ್ಷಕ್ಕೆ ಹಳದಿಯಾಗಿ ಮೇಲೆ ಬರುತ್ತದೆ. ಬಣ್ಣದ್ದಕ್ಕೆ ಅಂಟುವಾಳ, ಬಿಳಿಗೆ ಮೆದು ಸೋಪು. ಗಂಜಿ ಹಾಕಿ ಎತ್ತಿಡಬಾರದು, ಗಂಜಿ ತಿನ್ನಲು ಹುಳ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಸಿಕ್ಕಿಕೊಳ್ಳುತ್ತದೆ, ಬರೀ ಮರದ ಹಲಗೆಗೆ ತಾಗಿದರೆ ಬಟ್ಟೆ ಹಳದಿಯಾಗುತ್ತದೆ. ತೊಳೆದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ ಇಡಿ. ವರ್ಷಕ್ಕೊಮ್ಮೆ ತೆಗೆದು ಬೇರೆ ಕಡೆ ಮಡಚಿ, ಇಲ್ಲದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ.

ನುಸಿಗುಳಿಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಅದರಲ್ಲಿರುವ ನ್ಯಾಫ್ತಲೀನ್ ಬಟ್ಟೆಯಲ್ಲಿ ಉಳಿಯುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಎನ್ನುವ ಕಿಣ್ವ ಕಡಿಮೆ ಇರುತ್ತದೆ. ಅಂಥ ಕೂಸಿಗೆ ಈ ಗುಳಿಗೆ ಇಟ್ಟ ಬಟ್ಟೆ ತೊಡಿಸಿದರೆ ಕೆಂಪು ರಕ್ತಕಣ ಒಡೆದು ಜೋರು ಕಾಮಾಲೆ ಬರಬಹುದು. ಯಾವ ಕೂಸಿಗೆ ಹಾಗಿದೆ ಎಂದು ನೋಡಿದರೆ ಗೊತ್ತಾಗುವುದಿಲ್ಲ. ನಾನು ಒಣಗಿದ ಲಾವಂಚದ ಬೇರಿನ ಕಟ್ಟು ಇಡುತ್ತೇನೆ, ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ.

ಸುತ್ತಿಟ್ಟ ಅಂಗಿಗಳ ಗಂಟಿನ ಜೊತೆ ಒಂದು ಬಟ್ಟೆಪಟ್ಟಿ ಇಟ್ಟಿರುತ್ತೇನೆ. ಬಟ್ಟೆ ಯಾವುದು, ಯಾವ ವರ್ಷ ಹೊಲಿದದ್ದು, ನೂಲಿನ ನಂಬರ್ ಏನು, ಯಾವ ಯಾವ ಮಗು ತೊಟ್ಟಿತು, ಎಲ್ಲವನ್ನೂ ಅದರ ಮೇಲೆ ದಾರದಲ್ಲೇ ಬರೆದಿರುತ್ತೇನೆ. ಪಟ್ಟಿಯ ತುದಿಗೆ ಅದೇ ನೂಲನ್ನು ಒಂದಿಷ್ಟು ಸುತ್ತಿಟ್ಟಿರುತ್ತೇನೆ, ಮುಂದೆ ಯಾರಾದರೂ ರಿಪೇರಿಗೆ ಕೂತರೆ ಬಣ್ಣ ಹುಡುಕುತ್ತಾ ಅಂಗಡಿ ಅಲೆಯುವುದು ಬೇಡ.