ಅಂಧರೊಡನೆ ಮರಗಳ ನಡುವೆ: ಪ್ರಕೃತಿ ನಡಿಗೆ ಏರ್ಪಡಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಉದ್ಯಾನವೊಂದರಲ್ಲಿ ಅಂಧರಿಗಾಗಿ ಏರ್ಪಾಡಾಗಿದ್ದ ಪ್ರಕೃತಿ ನಡಿಗೆಯೊಂದನ್ನು ಕಂಡೆ. ಮುಂದಾಳು ಕೊರಳಿಗೆ ಮೈಕು ಹಾಕಿಕೊಂಡು ಮರಗಳ ವೈಜ್ಞಾನಿಕ ಹೆಸರುಗಳನ್ನು ಹೇಳುತ್ತ ಸಾಗಿದ್ದರು; ಹಿಂದೆ ಇಪ್ಪತ್ತು ಮಂದಿ ಒಂದೇ ಹಗ್ಗವನ್ನು ಹಿಡಿದು ಸಾಲಾಗಿ ಬರುತ್ತಿದ್ದರು. ನಾನು ನೋಡಿದಷ್ಟು ಹೊತ್ತು ಅವರಲ್ಲಿ ಒಬ್ಬರ ಕೈಗೂ ಒಂದು ತೊಗಟೆ ಸಿಗಲಿಲ್ಲ. ಆಮೇಲೆ ನಾನೇ ಇಂತಹ ನಡಿಗೆಗಳಲ್ಲಿ ಜೊತೆಗಾರನಾಗಿ ಹೋಗತೊಡಗಿದಾಗ, ಸದುದ್ದೇಶವುಳ್ಳವರೂ ಅವೇ ತಪ್ಪುಗಳನ್ನು ಮಾಡುವುದನ್ನು ಕಂಡೆ. ಲಾಲ್‌ಬಾಗನ್ನೇ ಉದಾಹರಣೆಯಾಗಿಟ್ಟುಕೊಂಡು ಸರಿಯಾದ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲನೆಯದು ದಿನ ಮತ್ತು ವೇಳೆಯ ಆಯ್ಕೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ. ಬೆಳಿಗ್ಗೆ 7ರಿಂದ 9ರವರೆಗಿನ ಹೊತ್ತು ಉತ್ತಮ. ಹಕ್ಕಿಗಳ ದನಿ ಆಗಲೇ ಹೆಚ್ಚು, ಬಿಸಿಲಿನ ಪ್ರಖರತೆಯನ್ನು ತಾಳಲಾರದ ಮಂದದೃಷ್ಟಿಯವರಿಗೂ ಅದೇ ಅನುಕೂಲ. ಮೆಟ್ರೊದಲ್ಲಿ ಬರುವವರಿಗೆ ಪಶ್ಚಿಮ ದ್ವಾರ ಹತ್ತಿರ. ತೋಟಗಾರಿಕೆ ಇಲಾಖೆಗೆ ಮುಂಚಿತವಾಗಿ ಪತ್ರ ಬರೆದು ತಿಳಿಸಿ.

ಎರಡನೆಯದು ಮುನ್ನೋಟ. ಹಿಂದಿನ ದಿನ ಅದೇ ವೇಳೆಯಲ್ಲಿ ದಾರಿಯನ್ನು ಪೂರ್ತಿ ನಡೆದು, ತಲೆಯ ಎತ್ತರಕ್ಕೆ ಬಾಗಿದ ಕೊಂಬೆಗಳನ್ನು ವಿಶೇಷವಾಗಿ ಗುರುತಿಸಿಕೊಳ್ಳಬೇಕು. ಏಕೆಂದರೆ ಬಿಳಿ ಕೋಲು ನೆಲದ ಅಡ್ಡಿಯನ್ನು ತಿಳಿಸುತ್ತದೆಯೇ ಹೊರತು ಹಣೆಗೆ ತಾಗುವುದನ್ನು ತಿಳಿಸುವುದಿಲ್ಲ. ಮುಟ್ಟಿಸಲು ಆರಿಸಿದ ಗಿಡಗಳಲ್ಲಿ ಕಂಬಳಿಹುಳು, ಕೆಂಪಿರುವೆ ಇವೆಯೇ ಎಂದು ನೋಡಿ. ಕಳ್ಳಿ ಮತ್ತು ಕಣಗಿಲೆಯನ್ನು ಪಟ್ಟಿಯಿಂದ ತೆಗೆದುಹಾಕಿ. ಕಳ್ಳಿಯ ಹಾಲು ತಗುಲಿದ ಬೆರಳು ಕಣ್ಣಿಗೆ ಹೋದರೆ, ಉಳಿದಿರುವ ಅಲ್ಪ ದೃಷ್ಟಿಗೂ ಅಪಾಯ. ಎರಡು ಗಂಟೆಗೆ ಒಂದು ಕಿಲೋಮೀಟರು ದಾರಿ ಮತ್ತು ಐದು ತಾಣಗಳು ಸಾಕು. ಉದ್ಯಾನದ 240 ಎಕರೆಯನ್ನೂ ತೋರಿಸುವ ಹಂಬಲ ಬೇಡ.

ಮೂರನೆಯದು ಜೊತೆಗಾರರ ತಯಾರಿ. ಪೂರ್ಣ ಅಂಧತ್ವವುಳ್ಳ ಒಬ್ಬರಿಗೆ ಒಬ್ಬ ಜೊತೆಗಾರ ಇರಲೇಬೇಕು. ಅಷ್ಟು ಜನ ಸಿಗದಿದ್ದರೆ ಗುಂಪನ್ನು ಚಿಕ್ಕದು ಮಾಡಿ, ಹಗ್ಗದ ಮೊರೆ ಹೋಗಬೇಡಿ. ಹಗ್ಗದಲ್ಲಿ ಒಬ್ಬರು ಎಡವಿದರೆ ಎಲ್ಲರಿಗೂ ಜಗ್ಗುತ್ತದೆ. ಹೆಚ್ಚಿನವರು ಕೈ ಹಿಡಿದು ಎಳೆಯುತ್ತಾರೆ ಅಥವಾ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳುತ್ತಾರೆ. ಎರಡೂ ತಪ್ಪು. ನಿಮ್ಮ ಹೆಸರು ಹೇಳಿ, ನೆರವು ಬೇಕೇ ಎಂದು ಕೇಳಿ, ಬೇಕೆಂದರೆ ನಿಮ್ಮ ಮೊಣಕೈಯ ತುಸು ಮೇಲೆ ಅವರೇ ಹಿಡಿದುಕೊಳ್ಳುವಂತೆ ತೋಳನ್ನು ಒಡ್ಡಿ. ಆಗ ಅವರು ನಿಮಗಿಂತ ಅರ್ಧ ಹೆಜ್ಜೆ ಹಿಂದಿರುತ್ತಾರೆ ಮತ್ತು ನಿಮ್ಮ ಮೈಯ ಏರಿಳಿತದಿಂದಲೇ ನೆಲದ ಏರಿಳಿತವನ್ನು ಅರಿಯುತ್ತಾರೆ. ದಾರಿ ಕಿರಿದಾದಾಗ ಆ ತೋಳನ್ನು ನಿಮ್ಮ ಬೆನ್ನ ಹಿಂದಕ್ಕೆ ತಂದರೆ ಅವರು ನೇರ ನಿಮ್ಮ ಹಿಂದೆ ಬರುತ್ತಾರೆ. ಮೆಟ್ಟಿಲು ಬಂದಾಗ ನಿಂತು, ಹತ್ತುವುದೋ ಇಳಿಯುವುದೋ ಎಂಬುದನ್ನು ಹೇಳಿಯೇ ಹೆಜ್ಜೆ ಇಡಬೇಕು. ಬಿಟ್ಟುಹೋಗುವಾಗ ಹೇಳಿ ಹೋಗಿ. ಖಾಲಿ ಜಾಗದೊಡನೆ ಮಾತಾಡುತ್ತ ನಿಂತವರ ಮುಖವನ್ನು ನಾನು ನೋಡಿದ್ದೇನೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಭ್ಯಾಸ ಮಾಡುವುದಿದ್ದರೆ ಜೊತೆಗಾರರು ಮುನ್ನಾದಿನವೇ ತಮ್ಮೊಳಗೆ ಮಾಡಿಕೊಳ್ಳಲಿ, ಬಂದವರ ಎದುರು ಅದನ್ನು ಮಾಡಕೂಡದು.

ಇನ್ನು ನಾಲ್ಕನೆಯದು, ಎಲ್ಲಕ್ಕಿಂತ ಕಠಿಣವಾದ ಹಂತ: ಮರವನ್ನು ಪರಿಚಯಿಸುವುದು. ಅವರ ಮಣಿಕಟ್ಟನ್ನು ಹಿಡಿದು ಅಂಗೈಯನ್ನು ಕಾಂಡಕ್ಕೆ ಒತ್ತುವುದು ಅತಿ ಸಾಮಾನ್ಯವಾದ ತಪ್ಪು. ಏನನ್ನು ಮುಟ್ಟಲಿದ್ದೇನೆ ಎಂದು ತಿಳಿಯದ ಕೈ ಬೆಚ್ಚಿ ಹಿಂದೆ ಸರಿಯುತ್ತದೆ, ಆಮೇಲೆ ಮತ್ತೆ ಚಾಚಲು ಹಿಂಜರಿಯುತ್ತದೆ. ಮೊದಲು ನಿಮ್ಮ ಕೈಯನ್ನು ಕಾಂಡದ ಮೇಲಿಡಿ. ಅವರು ತಮ್ಮ ಕೈಯನ್ನು ನಿಮ್ಮ ಕೈಯ ಮೇಲಿಟ್ಟು, ತಮಗೆ ಇಷ್ಟವಾದಾಗ ಬೆರಳುಗಳನ್ನು ಕೆಳಕ್ಕೆ ಜಾರಿಸಿ ತೊಗಟೆಯನ್ನು ಮುಟ್ಟಲಿ. ಆ ಹೊತ್ತಿನಲ್ಲಿ ನೀವು ಮಾತಾಡಬಾರದು. ಕನಿಷ್ಠ ಎರಡು ನಿಮಿಷ ಮೌನವಾಗಿದ್ದು, ಅವರು ಮೊದಲ ಪ್ರಶ್ನೆ ಕೇಳುವವರೆಗೆ ಕಾಯುವುದು ನಾನು ಎಲ್ಲ ಜೊತೆಗಾರರಿಗೂ ಹೇಳುವ ನಿಯಮ.

ನಂತರ ಅಳತೆ. ಒಂದು ಅಂಗೈಯಗಲ ತೊಗಟೆ ಮರವಲ್ಲ. ನಾಲ್ಕೈದು ಮಂದಿ ಕೈ ಕೈ ಹಿಡಿದು ಕಾಂಡವನ್ನು ಸುತ್ತುವರಿದರೆ ಅದರ ಗಾತ್ರ ತಿಳಿಯುತ್ತದೆ. ನೆರಳಿನ ಅಂಚಿನಿಂದ ಕಾಂಡದವರೆಗೆ ಹೆಜ್ಜೆ ಎಣಿಸಿಕೊಂಡು ನಡೆದರೆ ಮರದ ನೆರಳು ಎಷ್ಟು ದೂರ ಚಾಚಿದೆ ಎಂಬುದು ತಿಳಿಯುತ್ತದೆ, ಏಕೆಂದರೆ ಬಿಸಿಲು ಎಲ್ಲಿ ಮುಗಿದು ತಂಪು ಶುರುವಾಯಿತೆಂಬುದನ್ನು ಮುಖದ ಚರ್ಮವೇ ಹೇಳುತ್ತದೆ. ಎರಡು ಮರಗಳನ್ನು ಜೋಡಿಯಾಗಿ ತೋರಿಸಬೇಕೆಂಬುದು ನನ್ನ ಖಚಿತ ಸಲಹೆ: ನೀಲಗಿರಿಯ ನುಣುಪಿನ ಬಳಿಕ ಎಳೆಯ ಕೆಂಪು ಬೂರುಗದ ಮುಳ್ಳು, ಆಲದ ಇಳಿಬಿದ್ದ ಬಿಳಲಿನ ಬಳಿಕ ಅರಳಿ ಎಲೆಯ ಉದ್ದನೆಯ ತುದಿ. ಹೂವುಗಳಲ್ಲಿ ನಾಗಲಿಂಗಕ್ಕೆ ಸಾಟಿಯಿಲ್ಲ. ಬಿದ್ದ ಹೂವೊಂದನ್ನು ಅಂಗೈಯಲ್ಲಿಟ್ಟರೆ, ಹೆಡೆಯಂತೆ ಬಾಗಿದ ಕೇಸರಗಳ ಗುಚ್ಛವನ್ನೂ ಅದರ ಅಡಿಯಲ್ಲಿ ಲಿಂಗದಂತಿರುವ ನಡುಭಾಗವನ್ನೂ ಬೆರಳ ತುದಿಯೇ ಕಂಡುಕೊಂಡು, ಆ ಹೆಸರು ಏಕೆ ಬಂತೆಂಬುದನ್ನು ಯಾರೂ ಹೇಳದೆ ಅರಿತುಕೊಳ್ಳುತ್ತದೆ. ಆದರೆ ಅದರ ಕಾಯಿ ಫಿರಂಗಿ ಗುಂಡಿನಂತೆ ಭಾರವಾದುದರಿಂದ ಮರದ ಕೆಳಗೆ ಗುಂಪನ್ನು ನಿಲ್ಲಿಸದೆ, ಹೂವನ್ನು ದೂರ ತಂದು ಕೊಡಿ. ಗಿಡದಿಂದ ಕೀಳುವಂತಿಲ್ಲ.

ಬಣ್ಣದ ಮಾತನ್ನು ಬಿಡಬೇಕಾಗಿಲ್ಲ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಕೆಂಪೆಂದರೆ ಏನೆಂದು ಚೆನ್ನಾಗಿ ನೆನಪಿರುತ್ತದೆ. ಹುಟ್ಟಿನಿಂದಲೇ ಕಾಣದ ಹಲವರಿಗೂ ಅದನ್ನು ತಿಳಿಯುವ ಆಸಕ್ತಿಯಿರುತ್ತದೆ. ದಿಕ್ಕು ಹೇಳುವಾಗ ಮಾತ್ರ ‘ಅಲ್ಲಿ’, ‘ಇಲ್ಲಿ’ ಎನ್ನದೆ, ‘ನಿಮ್ಮ ಎಡಕ್ಕೆ, ಎರಡು ಹೆಜ್ಜೆ ಮುಂದೆ, ಎದೆಯ ಎತ್ತರದಲ್ಲಿ’ ಎನ್ನಿ.

ಐದನೆಯದು ಆಲಿಸುವುದು. ಒಂದು ಬೆಂಚಿನ ಬಳಿ ಹತ್ತು ನಿಮಿಷ ಕುಳಿತರೆ, ತಾಮ್ರದ ಪಾತ್ರೆಗೆ ಬಡಿದಂತೆ ಟುಕ್ ಟುಕ್ ಎನ್ನುವ ಚೆಂಬುಕುಟಿಗವೂ ಮಡಿವಾಳ ಹಕ್ಕಿಯೂ ಒಂದೊಂದಾಗಿ ಬೇರ್ಪಟ್ಟು ಕೇಳಿಸುತ್ತವೆ. ದನಿಯಿಂದ ಹಕ್ಕಿಯನ್ನು ಗುರುತಿಸುವ ಮರ್ಲಿನ್ ಆ್ಯಪ್ ಉಪಯುಕ್ತ. ಆದರೆ ಫೋನಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಕರೆಯುವುದು ಹಕ್ಕಿಗೆ ತೊಂದರೆ ಕೊಡುವುದರಿಂದ ಅದನ್ನು ನಾನು ಒಪ್ಪುವುದಿಲ್ಲ. ಹಕ್ಕಿಯ ಆಕಾರವನ್ನು ಮುಟ್ಟಿಸಿ ತಿಳಿಸಲು ಅಂಗಡಿಯ ಪ್ಲಾಸ್ಟಿಕ್ ಹಕ್ಕಿಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಹದ್ದೂ ಗಿಳಿಯೂ ಒಂದೇ ಗಾತ್ರಕ್ಕಿದ್ದು, ಮುಟ್ಟಿದವರು ತಪ್ಪನ್ನೇ ಕಲಿಯುತ್ತಾರೆ. ಕುಂಬಾರರಿಂದ ನಿಜ ಗಾತ್ರದ ಮಣ್ಣಿನ ಹಕ್ಕಿಗಳನ್ನು ಮಾಡಿಸಿಕೊಳ್ಳಿ.

ಕೊನೆಯ ತಾಣವಾಗಿ ನಾನು ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗಿನ ಬಂಡೆಯನ್ನು ಇಡುತ್ತೇನೆ. ಮಳೆ ಬಿದ್ದಿದ್ದರೆ ಜಾರುವುದರಿಂದ ಮೇಲೆ ಹತ್ತಿಸದೆ, ಬುಡದಲ್ಲೇ ಕುಳಿತು ಎರಡೂ ಅಂಗೈಗಳನ್ನು ಕಲ್ಲಿನ ಮೇಲೆ ಊರಿಸಿದರಾಯಿತು. ಅಲ್ಲಿಯೇ ನೀರು ಕೊಟ್ಟು, ಯಾವ ತಾಣದಲ್ಲಿ ಅವಸರವಾಯಿತು ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳಿ. ಆನಂತರ ಪ್ರತಿಯೊಬ್ಬರನ್ನೂ ಮೆಟ್ರೊ ನಿಲ್ದಾಣದ ಒಳಗಿನವರೆಗೆ, ಅಲ್ಲಿನ ಸಿಬ್ಬಂದಿಯ ಬಳಿಗೆ, ಅದೇ ಜೊತೆಗಾರರು ತಲುಪಿಸಬೇಕು.